ಗೋಡೆಯಾಚೆಯ ಡೋಲು

ದೊಡ್ಡಕ್ಕ ಕಿಟಕಿಯನ್ನು ದಢಾರನೆ ಮುಚ್ಚಿದಳು. ಗಾಜು ನಡುಗಿತು. ಡೋಲಿನ ಸದ್ದು ಮಾತ್ರ ಗೋಡೆಯನ್ನೇ ತೂರಿಕೊಂಡು ಒಳಗೆ ಬಂತು.

"ನೋಡಿ, ಬೇಕಂತಲೇ ಬಾರಿಸ್ತಿದ್ದಾಳೆ."

ಸುತ್ತು ಕಟ್ಟಿ ನಿಂತಿದ್ದ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈ ಜಾನಪದ ಶಿಬಿರದಲ್ಲಿ ಸುತ್ತು ಕುಣಿತ ಅಂದರೆ ದೊಡ್ಡಕ್ಕ, ಡೋಲು ಅಂದರೆ ಅವಳ ತಂಗಿ ಚಿಕ್ಕಕ್ಕ. ಅಕ್ಕ ಹೆಜ್ಜೆ ಎತ್ತಿದರೆ ಸಾಕು, ತಂಗಿಯ ಕೈ ತಾನಾಗಿ ಡೋಲಿನ ಮೇಲೆ ಬೀಳುತ್ತಿತ್ತು. ಅದೆಲ್ಲ ಹೋದ ವರ್ಷದ ಸಮಾರೋಪದವರೆಗೆ. ಅಂದು ತುಂಬಿದ ಸಭೆಯೆದುರು ಕುಣಿತ ಅರ್ಧದಲ್ಲೇ ಕುಸಿಯಿತು. ಒಬ್ಬರ ಕಾಲಿಗೆ ಒಬ್ಬರು ತೊಡರಿಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ವೇದಿಕೆಯ ಮೇಲೆ ನಿಂತೇ, "ತಾಳ ಹಿಡಿಯೋಕೆ ಬಾರದವಳು ಡೋಲು ಕಟ್ಕೋಬಾರದು" ಎಂದುಬಿಟ್ಟಳು. ತಂಗಿ ಡೋಲನ್ನು ಹೆಗಲಿಗೇರಿಸಿಕೊಂಡು ಇಳಿದು ಹೋದಳು. ಅಲ್ಲಿಂದೀಚೆಗೆ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಈ ವರ್ಷದ ಮೂರು ದಿನದ ಶಿಬಿರದಲ್ಲಿ ಮೊದಲ ದಿನ ಅವಳ ಸುಳಿವಿರಲಿಲ್ಲ. ಬರಲಿಕ್ಕಿಲ್ಲ ಎಂದುಕೊಂಡಿದ್ದಳು ದೊಡ್ಡಕ್ಕ. ಆ ದಿನದ ಪಾಠ ನೀರಸವಾಗಿ ಮುಗಿದಿತ್ತು; ಹೆಚ್ಚಿನವರು ಹೊಸ ಶಿಷ್ಯರು, ಒರಟು ಕಾಲು. ಮರುದಿನ ಬೆಳಿಗ್ಗೆ ಪಾಠ ಶುರುವಾಗುತ್ತಿದ್ದಂತೆ ಪಕ್ಕದ ಕೋಣೆಯಲ್ಲಿ ಡೋಲು ಗುಡುಗಿತು. ಇಷ್ಟು ದೊಡ್ಡ ಕಟ್ಟಡದಲ್ಲಿ ಅವಳಿಗೆ ಬೇರೆ ಮೂಲೆಯೇ ಸಿಗಲಿಲ್ಲವೇ?

"ಮತ್ತೆ ಮೊದಲಿಂದ!" ದೊಡ್ಡಕ್ಕ ಚಪ್ಪಾಳೆ ತಟ್ಟಿದಳು. ಸುತ್ತು ತಿರುಗಿತು. ಇಲ್ಲಿ ಕುಣಿತ ಬಿಗಿಯಾದರೆ ಅಲ್ಲಿ ಡೋಲೂ ಬಿಗಿಯಾಗುತ್ತಿತ್ತು. ಇಲ್ಲಿ ಕುಣಿತ ನಿಂತರೆ ಅಲ್ಲೂ ಮೌನ. ಅಣಕಿಸುವುದಕ್ಕೂ ಒಂದು ಮಿತಿ ಬೇಡವೇ! ಹೊಟ್ಟೆ ಉರಿಸಿದ್ದು ಅದಷ್ಟೇ ಅಲ್ಲ. ಕುಣಿಯುವವರ ಕಣ್ಣು ದೊಡ್ಡಕ್ಕನ ಕೈಯ ಮೇಲಿರಲಿಲ್ಲ, ಗೋಡೆಯ ಕಡೆಗಿತ್ತು.

"ನಾನು ಇಲ್ಲಿದ್ದೀನಿ! ಗೋಡೆ ಪಾಠ ಹೇಳುತ್ತಾ ನಿಮಗೆ?"

ಗುಂಪಿನಲ್ಲಿ ಹಿರಿಯಳು, ಹೋದ ವರ್ಷವೂ ಕುಣಿದಿದ್ದ ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಗಲ್ಲ ದೊಡ್ಡಕ್ಕ... ತುಂಬ ಸೆಕೆ. ಕಿಟಕಿ ತೆಗೀಲಾ?"

"ಬೇಡ."

ದೊಡ್ಡಕ್ಕ ನೀರು ಕುಡಿದು ಬರುವಷ್ಟರಲ್ಲಿ ಕಿಟಕಿ ಹಾರು ಹೊಡೆದಿತ್ತು. ತೆರೆದವರು ಯಾರೆಂದು ಕೇಳಿದರೆ ಎಲ್ಲರೂ ನೆಲ ನೋಡಿದರು.

ಊಟದ ಹೊತ್ತಿಗೆ ಅವಳು ಶಿಬಿರದ ಮೇಲ್ವಿಚಾರಕನ ಎದುರು ಕುಳಿತಿದ್ದಳು. "ಒಂದೋ ಅವಳನ್ನ ಅಲ್ಲಿಂದ ಎಬ್ಬಿಸಿ, ಇಲ್ಲಾ ನನ್ನ ಕೋಣೆ ಬದಲಿಸಿ."

ಆತ ಬೋಳುತಲೆ ಕೆರೆದುಕೊಂಡ. "ನಿಮ್ಮ ಕೋಣೆ ಬದಲಿಸಿದ್ರೂ ಅಷ್ಟೇ ದೊಡ್ಡಕ್ಕ, ಅವರು..." ಎಂದವನು ಮಾತು ನುಂಗಿಕೊಂಡ. "ಆಯ್ತು. ಮಧ್ಯಾಹ್ನ ಬಾರಿಸಬೇಡಿ ಅಂತ ಹೇಳ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಮಧ್ಯಾಹ್ನ ಡೋಲು ಬಾಯಿ ಬಿಡಲಿಲ್ಲ. ಅಬ್ಬಾ ಎಂದುಕೊಂಡು ದೊಡ್ಡಕ್ಕ ಕೈಯೆತ್ತಿದಳು. ಎರಡನೇ ಸುತ್ತಿಗೇ ಎಲ್ಲ ಹದಗೆಟ್ಟಿತು. ಬ್ಯಾಂಕಿನ ಗುಮಾಸ್ತ ನರ್ಸಮ್ಮನ ಕಾಲು ತುಳಿದ. ಅತ್ತೆ-ಸೊಸೆ ಜೋಡಿಯೊಂದು ಎದುರುಬದುರಾಗಿ ಹಣೆಗೆ ಹಣೆ ಬಡಿದುಕೊಂಡಿತು. ಮತ್ತೆ ಮಾಡಿಸಿದಳು. ಮತ್ತೆ ಕೆಟ್ಟಿತು. ಅಂಗೈ ಕೆಂಪಾಗುವಂತೆ ತಟ್ಟಿದಳು. ತಟ್ಟಿದಷ್ಟೂ ಸುತ್ತು ಚದುರಿತು.

"ಕುಣಿಯೋಕೆ ಬಾರದವರಿಗೆ ನೆಲ ಡೊಂಕಂತೆ! ನಾಳೆ ಸಮಾರೋಪ. ಈ ಸಲವೂ ನನ್ನ ಮಾನ ಹರಾಜು ಹಾಕ್ತೀರಾ?" ಅಳುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

"ದೊಡ್ಡಕ್ಕ," ಗುಮಾಸ್ತ ತಡೆಯಲಾರದೆ ಕೇಳಿದ, "ಚಿಕ್ಕಕ್ಕ ಈಗ ಬಾರಿಸಲ್ವಾ?"

ನರ್ಸಮ್ಮ ಅವನ ತೋಳು ಚಿವುಟಿದಳು. ಆದರೆ ಹೊತ್ತು ಮೀರಿತ್ತು. ಬೆಳಗ್ಗೆಲ್ಲ ಆ ಹಾಳು ಸದ್ದು ಕೇಳಿಸಿ ಕೇಳಿಸಿ ನನ್ನ ಶಿಷ್ಯರನ್ನೇ ಕೆಡಿಸಿಟ್ಟಿದ್ದಾಳೆ! ದೊಡ್ಡಕ್ಕ ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಧಾವಿಸಿದಳು. ತಂಗಿಯ ಶಿಷ್ಯರೆದುರೇ ಅವಳ ನೀರಿಳಿಸಬೇಕು. ಬೈಗುಳ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿತ್ತು. ಪಕ್ಕದ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು.

ಕೋಣೆಯ ತುಂಬ ಮುರಿದ ಬೆಂಚುಗಳು, ಸೂರಿನವರೆಗೆ. ನಡುವೆ ಕಾಲಿಡಲು ಜಾಗವಿಲ್ಲ. ಶಿಷ್ಯರ ಪೈಕಿ ಒಂದು ನರಪಿಳ್ಳೆಯೂ ಇಲ್ಲ. ಒಂದೇ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಲಾಗಿತ್ತು. ಅದರ ಮೇಲೆ ತಂಗಿ, ಮಡಿಲಲ್ಲಿ ಡೋಲು, ಕಿವಿ ಗೋಡೆಗೆ. ಅವಳ ಬೆರಳುಗಳು ಸದ್ದಿಲ್ಲದೆ ಮಂಡಿಯ ಮೇಲೆ ತಾಳ ಹಾಕುತ್ತಿದ್ದವು.

"ನಿನ್ನ ಶಿಷ್ಯರೆಲ್ಲಿ?" ದೊಡ್ಡಕ್ಕನ ಬಾಯಿಂದ ಹೊರಟದ್ದು ಇಷ್ಟೇ.

ತಂಗಿ ಬೆಚ್ಚಿ ಎದ್ದು ನಿಂತಳು. "ಈ ಸಲ ನಾನು ಪಾಠ ಒಪ್ಪಿಕೊಂಡಿಲ್ಲ ಅಕ್ಕ."

"ಮತ್ತೆ ಯಾರಿಗೆ ಬಾರಿಸ್ತಿದ್ದೆ, ಈ ಬೆಂಚುಗಳಿಗಾ?"

ತಂಗಿ ಅಕ್ಕನ ಕೆಂಪಾದ ಅಂಗೈಗಳನ್ನೇ ನೋಡಿದಳು.

"ನಿನ್ನವರಿಗೆ. ದೊಡ್ಡಕ್ಕನ ಚಪ್ಪಾಳೆ ತಾಳಕ್ಕಿಂತ ಹಿಂದೆ ಬೀಳ್ತಿದೆ, ಹೇಳೋಕೆ ನಮಗೆ ಬಾಯಿ ಬರ್ತಿಲ್ಲ ಅಂತ ಮೊದಲ ದಿನ ಸಾಯಂಕಾಲವೇ ನರ್ಸಮ್ಮ ಫೋನ್ ಮಾಡಿ ಅತ್ತಳು... ಹೋದ ವರ್ಷವೂ ಜಾರ್ತಿದ್ದ ನಿನ್ನ ತಾಳ ಹಿಡಿದು ನಿಲ್ಲಿಸೋಕೆ ನೋಡಿದೆ ಅಕ್ಕ, ಆಗಲಿಲ್ಲ."