ಎರಡನೆಯ ಬ್ರೇಕ್

ಅಂದು ಬೆಳಗ್ಗೆ ಹನ್ನೊಂದಕ್ಕೆ ಗುಜರಿ ಲಾರಿ ಬರುವುದಿತ್ತು...

ಮೈಸೂರಿನ ಪಂಕಜಾಕ್ಷಿ ಮೇಡಂ ಮೂವತ್ತು ವರ್ಷ ಹೆಂಗಸರಿಗೆ ಡ್ರೈವಿಂಗ್ ಕಲಿಸಿದ್ದು ಆ ಹಳೇ ಫಿಯೆಟ್‌ನಲ್ಲೇ. ಈಗ ಎಲ್ಲರಿಗೂ ಪವರ್ ಸ್ಟೀರಿಂಗ್ ಬೇಕು. ಅವರ ಹತ್ತಿರ ಕಲಿಯಲು ಯಾರೂ ಬರುತ್ತಿರಲಿಲ್ಲ.

ಕಾರು ಕೊಳ್ಳಲು ಬಂದವರೂ, ಕಲಿಸುವವರು ಒತ್ತಲೆಂದು ಪಕ್ಕದ ಮೇಡಂ ಸೀಟಿನ ಮುಂದಿದ್ದ ಎರಡನೆಯ ಬ್ರೇಕ್ ಕಂಡೊಡನೆ ಮೂಗು ಮುರಿದರು.

"ಡ್ರೈವಿಂಗ್ ಸ್ಕೂಲ್ ಗಾಡಿನಾ? ಊರೆಲ್ಲ ತುಳಿದಿರೋದು!"

ಅರವತ್ತು ದಾಟಿದ ತಮಗೇ ಅಂದಂತಾಯಿತು ಮೇಡಂಗೆ...

ನಾಚಿಕೆಯಿಂದ ಆ ಬ್ರೇಕನ್ನೇ ಕೀಳಿಸಿ ಗುಜರಿಗೆ ಕೊಟ್ಟರು. ಆದರೂ ಯಾರೂ ಕೊಳ್ಳಲಿಲ್ಲ.

ಲಾರಿ ಬಂತು.

"ಬೇಗ ಕೀ ಕೊಡಿ ಅಮ್ಮೋರೆ... ಇನ್ನೊಂದ್ಸಲ ಆಯುಧಪೂಜೆ ಮಾಡ್ತೀರೋ ಹೇಗೆ?" ಗುಜರಿಯ ಫಯಾಜ್ ನಕ್ಕ.

ಮೇಡಂ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಅದನ್ನು ಕೊಟ್ಟರೆ ತಾನು ಯಾರು?

ಅಷ್ಟರಲ್ಲಿ ಆಟೋದಿಂದ ಇಳಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು.

"ಕೊಡ್ಬೇಡಿ ಮೇಡಂ! ಇದು ಗುಜರಿಗೆ ಹೋಗ್ತಿದೆ ಅಂತ ಈಗಷ್ಟೇ ಗೊತ್ತಾಯ್ತು. ನಾನು ಚಂಪಾ. ನಮ್ಮಮ್ಮ ರುಕ್ಮಿಣಿ ಇದರಲ್ಲೇ ಕಲಿತಿದ್ದು. ಆಗ ಚಿಕ್ಕವಳಾಗಿದ್ದ ನಾನು ಹಿಂದಿನ ಸೀಟಲ್ಲಿ ಕೂತಿರ್ತಿದ್ದೆ."

"ಈ ಡಬ್ಬಾ ಯಾಕಮ್ಮ ನಿಂಗೆ?" ಫಯಾಜ್ ಹುಬ್ಬೇರಿಸಿದ.

"ಆಗ ಬೀದಿಗೊಂದು ಫಿಯೆಟ್ ಇತ್ತು. ಬೆಲೆ ಬಿತ್ತು, ಎಲ್ಲಾ ಗುಜರಿಗೆ ಹೋದ್ವು. ಹಿಂದಿನ ಸೀಟಲ್ಲಿ ಕೂತಿದ್ದ ಮಕ್ಕಳು ಈಗ ದೊಡ್ಡವರಾಗಿ ಹುಡುಕ್ತಿದ್ದೀವಿ... ಸಿಗಲ್ಲ. ಸಿಕ್ಕಿದ್ರೂ ಒಳಗೆಲ್ಲ ಬದಲಾಯಿಸಿರ್ತಾರೆ."

ಅವಳು ಬಾಗಿಲು ತೆರೆದು ಬಗ್ಗಿದಳು.

"ನಿಮ್ಮ ಬ್ರೇಕ್ ಎಲ್ಲಿ ಮೇಡಂ?"

ಅಲ್ಲಿ ಬೋಲ್ಟಿನ ಎರಡು ತೂತುಗಳಷ್ಟೇ ಉಳಿದಿದ್ದವು.

"ಕೀಳಿಸ್ಬಿಟ್ಟೆ ಕಣಮ್ಮ... ಎಲ್ರೂ ಹಂಗಿಸ್ತಿದ್ರು."

"ಅದಾಗ್ಲೇ ಕರಗಿಸೋಕೆ ಹೋಯ್ತು," ಫಯಾಜ್ ತಲೆ ತಗ್ಗಿಸಿದ.

ಕಾರಿಗಿದ್ದ ಒಂದೇ ಒಂದು ಬೆಲೆಯನ್ನೂ ಕೈಯಾರೆ ಕಳೆದೆನಲ್ಲ... ಮೇಡಂ ಬಾನೆಟ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

ಚಂಪಾ ಅವರ ಬೆನ್ನು ಸವರಿದಳು.

"ಅಮ್ಮ ಹೆದರಿದಾಗಲೆಲ್ಲ ನೀವು ಬ್ರೇಕ್ ಒತ್ತಿ, 'ನಾನಿದೀನಿ, ನಡಿ' ಅಂತಿದ್ರಿ. ನಂಗೆ ನಲವತ್ತಾದ್ರೂ ಸ್ಟೀರಿಂಗ್ ಅಂದ್ರೆ ಭಯ... ಗಾಡಿ ನಾನೇ ತಗೊಂಡು, ಬೇರೆ ಬ್ರೇಕ್ ಹಾಕಿಸ್ತೀನಿ ಮೇಡಂ. ಒತ್ತೋ ಕಾಲು ಮಾತ್ರ ನಿಮ್ಮದೇ ಬೇಕು. ಬರ್ತೀರಾ?"

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬ್ರೇಕ್ ಕೂರಿಸೋವರೆಗೂ ಗಾಡಿ ಒಂದಿಂಚೂ ಅಲ್ಲಾಡಕೂಡದು... ಕೂತ್ಕೊ. ಮೊದ್ಲು ಕ್ಲಚ್ ಒತ್ತು, ನೋಡೋಣ."

ಬಾಳಿದ ಗುರುತನ್ನು ಕಿತ್ತುಹಾಕಿದರೆ ನಾವು ಹೊಸಬರಾಗುವುದಿಲ್ಲ, ಬರಿದಾಗುತ್ತೇವೆ.

ಯಾರೋ ಹಂಗಿಸಿದರೆಂದು ನೀವು ಕಿತ್ತುಹಾಕಲು ಹೊರಟಿರುವುದು ಏನನ್ನು?