ಈರುಳ್ಳಿಯೊಳಗಿನ ಗೋಡೆ

ಈಗಲೂ ಈರುಳ್ಳಿ ಹೆಚ್ಚುವಾಗ ಅದರ ತೆಳು ಪೊರೆ ಉಗುರಿಗೆ ಅಂಟಿದರೆ, ಘಾಟ್ಕೋಪರಿನ ವಠಾರದಂಥ ಚಾಳಿನ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಆರು ಮಂದಿಗೆ ನಮ್ಮದು ಒಂದೇ ಕೋಣೆಯ ಖೋಲಿ. ನಡುವೆ ಗೋಡೆಯಿಲ್ಲದ್ದಕ್ಕೆ ಮೂಲೆಯಲ್ಲಿ ಹಗ್ಗಕ್ಕೆ ಹಳೆಯ ಸೀರೆ ಇಳಿಬಿಟ್ಟಿದ್ದರು. ಅದರಾಚೆ ಅಜ್ಜಿಯ ಚಾಪೆ, ಜಪ. ಉಡುಪಿಯಿಂದ ಬಂದ ಮಡಿಯ ಅಜ್ಜಿಗೆ ಈರುಳ್ಳಿಯ ವಾಸನೆಯೂ ಆಗದು. ಅದು ಮನೆಯೊಳಗೆ ಬಂದರೆ ಅಂದು ಊಟ ಬಿಡುವರು. ನಾನೋ, ಶಾಲೆಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿದ ಈರುಳ್ಳಿಯ ಚೂರನ್ನು ಚಿತ್ರ ಬರೆಯಲೆಂದು ಪಾಟಿಚೀಲದಲ್ಲಿ ತಂದುಬಿಟ್ಟಿದ್ದೆ.

“ಚೀಲದಲ್ಲಿ ಎಂತದದು?” ಸೀರೆಯ ಆಚೆಯಿಂದ ಅಜ್ಜಿ ಕೇಳಿದರು.

ಅಮ್ಮ ಸ್ಟವ್ ಪಂಪು ಮಾಡುವುದನ್ನು ನಿಲ್ಲಿಸಿದಳು.

“ತಿನ್ಲಿಕ್ಕಲ್ಲ ಅಜ್ಜಿ, ಪಾಠಕ್ಕೆ.”

“ನೀರುಳ್ಳಿಯಲ್ಲಿ ಎಂತ ಪಾಠ?”

ಹೆದರಿಕೆಗೆ ಟೀಚರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅದರ ತುಂಬ ಜೀವಕೋಶಗಳು. ಪ್ರತಿಯೊಂದರ ಸುತ್ತ ಗಟ್ಟಿ ಗೋಡೆ, ನಡುವೆ ನೀರು ತುಂಬಿದ ಚೀಲ, ಬದಿಗೆ ಸರಿದು ಕೂತ ಕೋಶಕೇಂದ್ರ. ಒಳಗಿನ ಕೆಲಸವೆಲ್ಲ ಆ ಪುಟ್ಟ ಚುಕ್ಕೆ ಹೇಳಿದಂತೆ ನಡೆಯುತ್ತದೆ.

ಸೀರೆ ಸರಿಯಿತು. ನಾನು ತಲೆ ಎತ್ತಲಿಲ್ಲ.

“ಒಂದೊಂದಕ್ಕೂ ಬೇರೆ ಬೇರೆ ಗೋಡೆ ಉಂಟಾ?”

“ಹೌದಜ್ಜಿ. ಸುತ್ತಲೂ.”

“ನೀರುಳ್ಳಿಗೂ!”

ಹೊರಗೆ ನಳದ ಹತ್ತಿರ ಯಾರೋ ಜಗಳವಾಡುತ್ತಿದ್ದರು.

“ಬಿಸಾಡಿ ಕೈ ತೊಳ್ಕೊಂಡು ಬಾ” ಎಂದರು ಕೊನೆಗೆ, ಮೆಲ್ಲಗೆ. ಮತ್ತೆ ಸೀರೆ ಎಳೆದುಕೊಂಡರು. ಗಾಳಿಗೆ ಅದು ಸರಿಯದಂತೆ, ನೆಲಕ್ಕೆ ತಾಗಿದ ಅಂಚಿನ ಮೇಲೆ ತಮ್ಮ ಹಿತ್ತಾಳೆಯ ಚೊಂಬನ್ನು ಇಟ್ಟರು.