ಮೊದಲಿನ ಹಾಗೆಯೇ

ನಲವತ್ತು ವರ್ಷಗಳ ನಂತರ ಆ ಸಂಗೀತ ನಾಟಕ ಮತ್ತೆ ರಂಗಕ್ಕೆ ಬಂದಿತ್ತು. ಹಿಂದೆ ಅದರಲ್ಲಿ ಸಖಿಯ ಪಾತ್ರ ಮಾಡುತ್ತಿದ್ದ ಸುಭದ್ರವ್ವನನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ್ದರು.

ಉಯ್ಯಾಲೆಯಲ್ಲಿ ಕುಳಿತು ಹಾಡುತ್ತಿದ್ದ ನಾಯಕಿ, ಹಗ್ಗ ಹರಿದು ಧಡ್ಡನೆ ಬಿದ್ದು ಸತ್ತಾಗ ಜನ ಎದ್ದು ನಿಂತು ಸಿಳ್ಳೆ ಹೊಡೆದರು, "ವನ್ಸ್ ಮೋರ್!" ಎಂದು ಕೂಗಿದರು. ಸುಭದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾಟಕ ಮುಗಿದದ್ದೇ ತಡ, ನಿರ್ದೇಶಕ ಓಡಿ ಬಂದು ಅವಳ ಕಾಲು ಮುಟ್ಟಿದ.

"ಹೆಂಗನಿಸ್ತ್ರಿ ಅವ್ವಾ? ನಾಟಕದ ಪುಸ್ತಕ ಎಲ್ಲೂ ಸಿಗಲಿಲ್ಲ, ನಿಮ್ಮ ಪತ್ತೆನೂ ನಿನ್ನೆನ ಹತ್ತಿದ್ದು. ಕಡೀ ಪ್ರಯೋಗ ನೋಡಿದವರನ್ನ ಹುಡುಕಿ ಕೇಳಿ ಮಾಡೀವಿ. ಎಲ್ಲಾರೂ ಆ ಬೀಳೂ ಸೀನೇ ಹೇಳಿದ್ರು. ಒಂಚೂರೂ ಬದಲ ಮಾಡಿಲ್ಲ."

"ನಾಟಕದಾಗ ಆಕಿ ಬೀಳೂದಿಲ್ಲಪಾ," ಎಂದಳು ಸುಭದ್ರವ್ವ. "ಅವತ್ತು ನಮ್ಮಕ್ಕ ಖರೇನ ಬಿದ್ದು ಸತ್ಲು."